650 ಸಿಸಿ ಇಂಜಿನ್ ಸಿಕ್ಕಿದೆ, ಬಗ್ಗಿಗೆ ಕೂರಿಸಬಹುದೇ?

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಅಣ್ಣನದು ವೆಲ್ಡಿಂಗ್ ಅಂಗಡಿ. ಇಬ್ಬರೂ ಸೇರಿ ಎರಡು ಸೀಟಿನ ಆಫ್‌ರೋಡ್ ಬಗ್ಗಿ (ಹೊಲ, ಗುಡ್ಡದಲ್ಲಿ ಓಡಿಸುವ ತೆರೆದ ಪುಟ್ಟ ಗಾಡಿ) ಕಟ್ಟುತ್ತಿದ್ದೇವೆ. ಚಾಸಿ ಅರ್ಧ ಆಗಿದೆ. ಮುಂದಿನ ಹಬ್, ಸ್ಟಿಯರಿಂಗ್ ಮಾರುತಿ 800ರದು. ಅಪಘಾತವಾದ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕಿನ ಇಂಜಿನ್ ಗುಜರಿಯಲ್ಲಿ ಸಿಗುತ್ತಿದೆ. ರಿವರ್ಸ್ ಬೇಕಲ್ಲ ಅಂತ ಅದರ ಹಿಂದೆ ಗೂಡ್ಸ್ ಆಟೊದ ಗೇರ್‌ಬಾಕ್ಸ್ ಜೋಡಿಸುವ ಯೋಚನೆ ಇದೆ. ಪವರ್ ಸಾಕಾಗುತ್ತದೆಯೇ? ಕೆಆರ್‌ಎಸ್ ಹಿನ್ನೀರು, ಮೇಲುಕೋಟೆ ಬೆಟ್ಟದ ಕಡೆ ಓಡಿಸುವ ಆಸೆ.
— ಪಾಂಡವಪುರ ತಾಲ್ಲೂಕಿನ ಓದುಗರು

ಉತ್ತರ: ಪವರ್ ಬಗ್ಗೆ ಚಿಂತೆ ಬಿಡಿ. ಆ ಇಂಜಿನ್ 47 ಎಚ್‌ಪಿ, 52 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಬಾಹಾ ಎಂಬ ಆಫ್‌ರೋಡ್ ಸ್ಪರ್ಧೆಗೆ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಕಟ್ಟಿದ ಬಗ್ಗಿಗಳು ವರ್ಷಗಟ್ಟಲೆ 10 ಎಚ್‌ಪಿಯ ಬ್ರಿಗ್ಸ್ ಕಂಪನಿಯ ಇಂಜಿನ್ನಿನಲ್ಲೇ ಗುಡ್ಡ ಹತ್ತಿವೆ. ನಿಮಗೆ ತೊಂದರೆ ಕಾದಿರುವುದು ಇಂಜಿನ್ನಿನಲ್ಲಲ್ಲ, ಇಂಜಿನ್ನಿಗೂ ಚಕ್ರಕ್ಕೂ ನಡುವೆ.

ಮೊದಲು ಆ ಆಟೊ ಗೇರ್‌ಬಾಕ್ಸಿನ ವಿಷಯ. ಅದನ್ನು ಮಾಡಿರುವುದು ಸುಮಾರು 20 ನ್ಯೂಟನ್ ಮೀಟರ್ ಕೊಡುವ ಚಿಕ್ಕ ಡೀಸೆಲ್ ಇಂಜಿನ್ನಿಗೆ. ‘52 ಅಂದರೆ ಎರಡೂವರೆ ಪಟ್ಟು ತಾನೇ, ತಡೆಯುತ್ತೆ’ ಅನ್ನಿಸಬಹುದು. ಲೆಕ್ಕ ತಪ್ಪುವುದು ಇಲ್ಲೇ. ಬೈಕಿನ ಇಂಜಿನ್ನಿನೊಳಗೇ ಒಂದು ಗೇರ್‌ಬಾಕ್ಸ್ ಇದೆ. ಕ್ರ್ಯಾಂಕಿನಿಂದ ಕ್ಲಚ್ಚಿಗೆ ಬರುವಾಗ ಒಂದು ಕಡಿತ (ಸುತ್ತು ಕಡಿಮೆಯಾಗಿ ಟಾರ್ಕ್ ಹೆಚ್ಚುವುದು), ಒಂದನೇ ಗೇರಿನಲ್ಲಿ ಇನ್ನೊಂದು. ಎರಡೂ ಸೇರಿ ಹೊರಗಿನ ಸ್ಪ್ರಾಕೆಟ್ಟಿಗೆ (ಚೈನ್ ಕೂರುವ ಹಲ್ಲಿನ ಚಕ್ರಕ್ಕೆ) ಬರುವಷ್ಟರಲ್ಲಿ ಟಾರ್ಕ್ ಐದು ಪಟ್ಟು ಮೀರಿರುತ್ತದೆ. ಅಂದರೆ 250ಕ್ಕೂ ಹೆಚ್ಚು ನ್ಯೂಟನ್ ಮೀಟರ್. ಅದನ್ನು ಆಟೊ ಗೇರ್‌ಬಾಕ್ಸಿನ ಬಾಯಿಗೆ ಕೊಟ್ಟರೆ ಹತ್ತು ಪಟ್ಟಿಗೂ ಮೀರಿದ ಹೊರೆ. ಕೆಸರಿನಲ್ಲಿ ಸಿಕ್ಕಿಕೊಂಡು ಒಂದು ಸಲ ಜೋರಾಗಿ ಕ್ಲಚ್ ಬಿಟ್ಟರೆ ಒಳಗಿನ ಹಲ್ಲುಗಳು ಉದುರುತ್ತವೆ. ಕಾಲೇಜು ತಂಡಗಳು ಇದೇ ಗೇರ್‌ಬಾಕ್ಸ್ ಬಳಸಿ ಗೆದ್ದಿವೆ ಎಂದು ಯಾರಾದರೂ ಹೇಳಿದರೆ ಅದು ನಿಜವೇ. ಆದರೆ ಅವರ ಇಂಜಿನ್ನಿಗೆ ಸ್ವಂತ ಗೇರ್‌ಬಾಕ್ಸ್ ಇರುವುದಿಲ್ಲ.

ಇನ್ನು ತೂಕ. ಆ ಬೈಕು ಸುಮಾರು 200 ಕೆ.ಜಿ., ಸವಾರ ಕೂತರೆ 280. ನಿಮ್ಮ ಬಗ್ಗಿ ಎಷ್ಟು ಹಗುರವಾಗಿ ಕಟ್ಟಿದರೂ 450 ಮುಟ್ಟುತ್ತದೆ, ಇಬ್ಬರು ಕೂತರೆ 600. ಇಂಜಿನ್ನಿಗೆ ತಾನು ಇನ್ನೂ ಬೈಕನ್ನೇ ಎಳೆಯುತ್ತಿದ್ದೇನೆ ಅನ್ನಿಸಬೇಕಾದರೆ ಕೊನೆಯ ಚೈನ್ ಕಡಿತವನ್ನು ಎರಡು ಪಟ್ಟು ಮಾಡಬೇಕು. ಬೈಕಿನಲ್ಲಿ ಅದು ಹೆಚ್ಚುಕಡಿಮೆ ಎರಡೂವರೆ, ನಿಮಗೆ ಐದು ಬೇಕು. ಟಾಪ್ ಸ್ಪೀಡು ಅರ್ಧವಾಗಿ 80ರ ಆಸುಪಾಸಿಗೆ ಇಳಿಯುತ್ತದೆ. ಹೊಲದ ದಾರಿಯಲ್ಲಿ ಅದೇ ಜಾಸ್ತಿ. ಹೀಗೆ ಮಾಡದೆ ಬೈಕಿನ ಸ್ಪ್ರಾಕೆಟ್ಟನ್ನೇ ಉಳಿಸಿಕೊಂಡರೆ ಪ್ರತಿ ಸಲವೂ ಅರ್ಧ ಕ್ಲಚ್ಚಿನಲ್ಲೇ ಹೊರಡಬೇಕಾಗುತ್ತದೆ, ಪ್ಲೇಟುಗಳು ಬೇಗ ಕರಕಲಾಗುತ್ತವೆ.

ಐದು ಪಟ್ಟು ಅಂದಕೂಡಲೇ ಹಿಂದೆ 75 ಹಲ್ಲಿನ ದೊಡ್ಡ ಸ್ಪ್ರಾಕೆಟ್ ಕೊರೆಸಲು ಓಡಬೇಡಿ. ಬೈಕಿನ ಚೈನ್ ಅಳತೆಗೆ ಅದು ಸುಮಾರು 38 ಸೆಂ.ಮೀ. ಅಗಲ ಆಗುತ್ತದೆ. 25 ಇಂಚಿನ ಟೈರ್ ಹಾಕಿದರೂ ನೆಲಕ್ಕೂ ಸ್ಪ್ರಾಕೆಟ್ಟಿಗೂ ಐದಿಂಚು ಉಳಿದರೆ ಹೆಚ್ಚು. ಮೊದಲ ಬದುವಿನಲ್ಲೇ ಚೈನ್ ಮಣ್ಣು ಮುಕ್ಕುತ್ತದೆ. ಬದಲಿಗೆ ನಡುವೆ ಒಂದು ಶಾಫ್ಟ್ ಕೊಡಿ: ಇಂಜಿನ್ನಿನ 15 ಹಲ್ಲಿನದರಿಂದ ನಡುವಿನ 30 ಹಲ್ಲಿನದಕ್ಕೆ ಒಂದು ಚೈನು, ಅದೇ ಶಾಫ್ಟಿನ 14ರಿಂದ ಆಕ್ಸಲ್ಲಿನ 36ಕ್ಕೆ ಇನ್ನೊಂದು. ಒಟ್ಟು ಐದು ದಾಟುತ್ತದೆ, ಎರಡೂ ಸ್ಪ್ರಾಕೆಟ್ಟು ಚಿಕ್ಕವೇ.

ಈ ನಡುವಿನ ಶಾಫ್ಟನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದರಲ್ಲೇ ಬಗ್ಗಿಯ ಅರ್ಧ ಆಯುಷ್ಯ ಇದೆ. ಹಿಂದಿನ ಸ್ವಿಂಗ್‌ಆರ್ಮ್ (ಹಿಂದಿನ ಆಕ್ಸಲ್ ಹಿಡಿದಿರುವ ತೋಳು) ಮೇಲೆ ಕೆಳಗೆ ಆಡುವ ಕೀಲು ಎಲ್ಲಿದೆಯೋ, ಸರಿಯಾಗಿ ಅದೇ ಗೆರೆಯ ಮೇಲೆ ಶಾಫ್ಟಿನ ನಡುಗೆರೆ ಬರಲಿ. ಆಗ ಚಕ್ರ ಎಷ್ಟೇ ಕುಣಿದರೂ ಎರಡನೇ ಚೈನಿನ ಉದ್ದ ಬದಲಾಗುವುದಿಲ್ಲ. ಎರಡಿಂಚು ಆಚೀಚೆ ಆದರೂ ಸಾಕು, ಹಳ್ಳ ಬಂದಾಗಲೆಲ್ಲ ಚೈನ್ ಒಮ್ಮೆ ಬಿಗಿದು ಒಮ್ಮೆ ಸಡಿಲವಾಗಿ ಕೊನೆಗೆ ಹಾರುತ್ತದೆ. ಚೈನಿಗೆ 3 ಎಂ.ಎಂ. ತಗಡಿನ ಗಾರ್ಡ್ ಕಡ್ಡಾಯ, ಚೈನ್ ಹರಿದು ಹಾರುವ ದಾರಿಯಲ್ಲಿ ನಿಮ್ಮ ಬೆನ್ನಿದೆ.

ಆಕ್ಸಲ್ ಇಡಿಯದಾಗಿರಲಿ, ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು) ಬೇಡ. ಗಟ್ಟಿ ನೆಲದಲ್ಲಿ ತಿರುಗಿಸುವಾಗ ಮೂತಿ ನೇರಕ್ಕೇ ಎಳೆಯುತ್ತದೆ, ನಿಜ. ಆದರೆ ಕೆಸರಿನಲ್ಲಿ ಎರಡೂ ಚಕ್ರ ಒಟ್ಟಿಗೆ ಎಳೆಯುತ್ತವೆ, ನಿಮಗೆ ಬೇಕಿರುವುದೂ ಅದೇ. ರಿವರ್ಸಿಗೆ ನನ್ನ ಆಯ್ಕೆ ಕಾರಿನ ಸ್ಟಾರ್ಟರ್ ಮೋಟಾರು. ಆಕ್ಸಲ್ಲಿಗೆ ಒಂದು ರಿಂಗ್ ಗೇರ್ ಕೂರಿಸಿ, ಗೇರು ನ್ಯೂಟ್ರಲ್ಲಿನಲ್ಲಿದ್ದಾಗ ಮಾತ್ರ ಕೆಲಸ ಮಾಡುವ ಹಾಗೆ ಸ್ವಿಚ್ ಕೊಡಿ. ಹಳೆಯ ಹೋಂಡಾ ಗೋಲ್ಡ್‌ವಿಂಗ್‌ನಂಥ ಭಾರೀ ಬೈಕು ಹಿಂದಕ್ಕೆ ಹೋಗುತ್ತಿದ್ದುದೂ ಸ್ಟಾರ್ಟರ್ ಮೋಟಾರಿನ ಬಲದಲ್ಲೇ. ಗಂಟೆಗಟ್ಟಲೆ ಹಿಮ್ಮುಖ ಓಡಿಸಲು ಆಗದು. ಸಿಕ್ಕಿಕೊಂಡಲ್ಲಿಂದ ನಾಲ್ಕು ಮಾರು ಹಿಂದೆ ಬರಲು ಸಾಕು.

ಇಂಜಿನ್ ಬೈಕಿನಲ್ಲಿದ್ದ ದಿಕ್ಕಿಗೇ ಮುಖ ಮಾಡಿರಬೇಕು. ಜಾಗ ಹೊಂದುತ್ತದೆ ಅಂತ ತಿರುಗಿಸಿಟ್ಟರೆ ಆರು ರಿವರ್ಸ್ ಗೇರು ಸಿಗುತ್ತವೆ, ಮುಂದಕ್ಕೆ ಒಂದೂ ಇರುವುದಿಲ್ಲ. ನಗಬೇಡಿ, ಆಗುವಂಥದ್ದೇ.

ಬಹಳ ಜನ ಯೋಚಿಸದ ವಿಷಯ ಆಯಿಲ್. ಬೈಕು ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಆಯಿಲ್ ಯಾವಾಗಲೂ ಸಂಪಿನ (ಇಂಜಿನ್ನಿನಡಿಯ ಆಯಿಲ್ ತೊಟ್ಟಿಯ) ತಳದಲ್ಲೇ ಇರುತ್ತದೆ. ಬಗ್ಗಿ ವಾಲುವುದಿಲ್ಲ. ಚಪ್ಪಟೆಯಾಗಿ ತಿರುಗುವಾಗ ಆಯಿಲೆಲ್ಲ ಒಂದು ಪಕ್ಕಕ್ಕೆ ನುಗ್ಗಿ ಪಂಪು ಗಾಳಿ ಹೀರುತ್ತದೆ, ಬೇರಿಂಗ್ ಒಣಗುತ್ತದೆ. ಸಂಪಿನೊಳಗೆ ಅಡ್ಡ ತಗಡುಗಳನ್ನು ಕೊಡಿಸಿ, ಲೆವೆಲ್ ಮೇಲಿನ ಗೆರೆಯಲ್ಲೇ ಇರಲಿ, ಆಯಿಲ್ ಪ್ರೆಷರ್ ಮೀಟರ್ ಕಣ್ಣೆದುರು ಇರಲಿ. ಕಾರಿನ ಆಯಿಲ್ ಹಾಕಬೇಡಿ, ಆಯಿಲಿನಲ್ಲೇ ಮುಳುಗಿರುವ ಕ್ಲಚ್ಚು ಜಾರುತ್ತದೆ.

ಸೀಟಿನ ಹಿಂದೆ ಕೂರುವ ಇಂಜಿನ್ನಿಗೆ ಗಾಳಿಯೂ ಬಡಿಯುವುದಿಲ್ಲ. ಇದು ಗಾಳಿ ಮತ್ತು ಆಯಿಲಿನಿಂದ ತಣಿಯುವ ಇಂಜಿನ್, ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಒಂದನೇ ಗೇರಿನಲ್ಲಿ ತೆವಳಿದರೆ ಕಾದು ಕೆಂಡವಾಗುತ್ತದೆ. ಆಯಿಲ್ ಕೂಲರನ್ನು ಎತ್ತರದಲ್ಲಿ ಕೂರಿಸಿ ಫ್ಯಾನ್ ಕೊಡಿ. ಇಂಜಿನ್ ಇನ್ನೂ ಕೊಂಡಿಲ್ಲವಾದರೆ ಬಜಾಜ್ ಡಾಮಿನಾರ್ 400 ಬೈಕಿನದನ್ನೂ ನೋಡಿ. 373 ಸಿಸಿ, 40 ಎಚ್‌ಪಿ, ರೇಡಿಯೇಟರ್, ಫ್ಯಾನ್ ಎಲ್ಲ ಜೊತೆಗೇ ಬರುತ್ತದೆ. ನಿಮ್ಮ ಕೆಲಸಕ್ಕೆ ಅದೇ ಮೇಲು ಅನ್ನುವುದು ನನ್ನ ಅಭಿಪ್ರಾಯ, 650ರ ಸದ್ದಿನ ಆಸೆ ಬೇರೆ ಮಾತು. ಯಾವುದೇ ಆಗಲಿ, ಕೊಯ್ಲಾದ ಕಬ್ಬಿನ ಗದ್ದೆಯ ತರಗಿನ ಮೇಲೆ ಓಡಿಸುವುದಿದ್ದರೆ ಸೈಲೆನ್ಸರ್ ಮೇಲಕ್ಕೆತ್ತಿ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ.

ಬರಿ ಇಂಜಿನ್ ಕೊಳ್ಳಬೇಡಿ, ಇಡೀ ಬೈಕನ್ನೇ ಕೊಳ್ಳಿ. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್, ಕೀ, ಫ್ಯುಯೆಲ್ ಪಂಪ್, ಬಿದ್ದಾಗ ಇಂಜಿನ್ ಆರಿಸುವ ಸೆನ್ಸರ್ ಇವೆಲ್ಲ ಒಂದಕ್ಕೊಂದು ಹೊಂದಿದ ಸೆಟ್. ಬಿಡಿಬಿಡಿಯಾಗಿ ಹೊಂದಿಸಲು ಹೋದರೆ ಇಂಜಿನ್ನಿಗಿಂತ ಹೆಚ್ಚು ಖರ್ಚು. ಆರ್‌ಸಿ, ಮಾರಾಟದ ಪತ್ರ ಇಲ್ಲದ ಮಾಲು ಮುಟ್ಟಬೇಡಿ, ನಾಳೆ ಪೊಲೀಸರು ಇಂಜಿನ್ ನಂಬರ್ ಕೇಳಿದರೆ ಉತ್ತರ ಬೇಕು. ಬಿಚ್ಚಿದ ಬೈಕಿನ ನೋಂದಣಿ ರದ್ದತಿಗೆ ಮಾಲೀಕರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ಚಾಸಿಗೆ ನೀರಿನ ಜಿಐ ಪೈಪ್ ಬಳಸಿದ್ದರೆ ಈಗಲೇ ಕತ್ತರಿಸಿ ಬಿಸಾಡಿ. ಬಾಹಾ ನಿಯಮದಲ್ಲಿ ಅಂಥ ಚಿಕ್ಕ ಇಂಜಿನ್ನಿನ ಬಗ್ಗಿಗೇ ಮುಖ್ಯ ಪಂಜರಕ್ಕೆ (ಗಾಡಿ ಮಗುಚಿದರೆ ಕೂತವರನ್ನು ಕಾಯುವ ಪೈಪಿನ ಚೌಕಟ್ಟಿಗೆ) 25 ಎಂ.ಎಂ. ಹೊರ ಅಳತೆ, 3 ಎಂ.ಎಂ. ದಪ್ಪದ ಸ್ಟೀಲ್ ಪೈಪ್ ಕೇಳುತ್ತಾರೆ. ನಿಮ್ಮದು ಅದಕ್ಕಿಂತ ಗಟ್ಟಿ ಇರಬೇಕು. ನಾಲ್ಕು ಪಾಯಿಂಟಿನ ಬೆಲ್ಟ್, ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ.

ಎಲ್ಲಿ ಓಡಿಸುವುದು? ರಸ್ತೆಗಂತೂ ಇಳಿಸುವಂತಿಲ್ಲ. ಮನೆಯಲ್ಲಿ ಕಟ್ಟಿದ ವಾಹನಕ್ಕೆ ಮಾನ್ಯತೆ ಪಡೆದ ಸಂಸ್ಥೆಯ ಪರೀಕ್ಷೆ ಆಗದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಕೆಆರ್‌ಎಸ್ ಹಿನ್ನೀರೂ ನಿಮ್ಮ ಸ್ವಂತ ಜಾಗವಲ್ಲ. ಮೇಲುಕೋಟೆಯ ಕಾಡು 1974ರಲ್ಲಿ ತೋಳಗಳಿಗಾಗಿ ಮಾಡಿದ ಅಭಯಾರಣ್ಯ, ಅನುಮತಿಯಿಲ್ಲದೆ ನುಗ್ಗಿದರೆ ವನ್ಯಜೀವಿ ಕಾಯ್ದೆಯಡಿ ಕೇಸು. ನಿಮ್ಮ ತೋಟ, ಪರಿಚಯದವರ ಬೀಳು ಜಮೀನು ಇದ್ದರೆ ಅಲ್ಲಿಗೆ ಗೂಡ್ಸ್ ಗಾಡಿಯಲ್ಲಿ ಹೇರಿಕೊಂಡು ಹೋಗಿ.

ಪ್ರಶ್ನೆ: ನಮ್ಮ ತಂದೆಯವರ ಯೆಜ್ಡಿ ರೋಡ್‌ಕಿಂಗ್ ಶೆಡ್ಡಿನಲ್ಲಿ ನಿಂತಿದೆ. ಅದರ ಇಂಜಿನ್ ಬಗ್ಗಿಗೆ ಆದೀತೇ?
— ಮೈಸೂರಿನ ಓದುಗರು

ಉತ್ತರ: ಓಡೀತು, ಆದರೆ ಮಾಡಬೇಡಿ. 250 ಸಿಸಿಯ ಆ ಟೂ ಸ್ಟ್ರೋಕ್ ಇಂಜಿನ್ನಿಗೆ ತಣಿಯಲು ಎದುರುಗಾಳಿಯೊಂದೇ ಗತಿ. ಭಾರ ಎಳೆದುಕೊಂಡು ನಿಧಾನ ಹೋದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅದನ್ನು ಮಾಡುತ್ತಿದ್ದ ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆ ಟೂ ಸ್ಟ್ರೋಕ್ ರೋಡ್‌ಕಿಂಗ್ ಇನ್ನು ಹೊಸದಾಗಿ ಬರುವುದಿಲ್ಲ. ಪೂರ್ತಿ ಇರುವ ರೋಡ್‌ಕಿಂಗ್ ಬಿಚ್ಚಿ ಹಾಕಿದರೆ ಬಗ್ಗಿಯೂ ಓಡದು, ಬೈಕೂ ಉಳಿಯದು. ಕಾರ್ಬ್ಯುರೇಟರ್ ತೊಳೆಸಿ, ಕ್ರ್ಯಾಂಕಿನ ಆಯಿಲ್ ಸೀಲ್, ಪಾಯಿಂಟ್ಸ್ ಬದಲಿಸಿ ಬೈಕನ್ನೇ ಎಬ್ಬಿಸಿ. ಹಳೇ ಯೆಜ್ಡಿ ಬಲ್ಲ ಮೇಸ್ತ್ರಿಗಳು ಮೈಸೂರಿನಲ್ಲಿ ಇನ್ನೂ ಇದ್ದಾರೆ.