ಸುಮ್ಮನೆ ಕೂತಿದ್ದಾಗಲೇ ಎದೆಬಡಿತ 180ಕ್ಕೆ ಏರಿ ತಾನಾಗಿ ಸರಿಹೋಗುತ್ತದೆ, ಇಸಿಜಿ ಮಾತ್ರ ನಾರ್ಮಲ್. ಏನಿರಬಹುದು?

ಸ್ವಿಚ್ ಹಾಕಿದಂತೆ ಶುರುವಾಗಿ ಹಾಗೇ ನಿಲ್ಲುವುದಾದರೆ ಎಸ್‌ವಿಟಿ ಅನುಮಾನ, ಅಂದರೆ ಹೃದಯದ ತಪ್ಪು ವಿದ್ಯುತ್ ದಾರಿಯಿಂದ ಬಡಿತ ಏಕಾಏಕಿ ಓಡುವ ತೊಂದರೆ. ಗಾಬರಿ, ಜ್ವರದ ಬಡಿತ ಮೆಲ್ಲಗೆ ಏರಿ ಇಳಿಯುತ್ತದೆ. ಬಡಿತ ಇಳಿದ ಮೇಲೆ ತೆಗೆದ ಇಸಿಜಿ ಸಾಮಾನ್ಯವಾಗಿ ನಾರ್ಮಲ್ಲೇ ಬರುತ್ತದೆ, ಅದನ್ನು ನಂಬಿ ಸುಮ್ಮನಾಗಬೇಡಿ. ಬಡಿತ ಓಡುತ್ತಿರುವಾಗಲೇ ಹತ್ತಿರದ ಕ್ಲಿನಿಕ್‌ನಲ್ಲಿ ತೆಗೆಸಿ, ಪ್ರಿಂಟ್ ಇಟ್ಟುಕೊಳ್ಳಿ. ಹಾಗೆ ಸಿಕ್ಕಿಬೀಳದಿದ್ದರೆ ಹೋಲ್ಟರ್, ಅಂದರೆ ಮೈಮೇಲೆ ಕಟ್ಟಿಕೊಂಡು ಓಡಾಡುವ, ಬಡಿತವನ್ನು ಸತತ ದಾಖಲಿಸುವ ಪುಟ್ಟ ಇಸಿಜಿ ಯಂತ್ರ. ಥೈರಾಯ್ಡ್, ಹಿಮೋಗ್ಲೋಬಿನ್ನೂ ನೋಡಿಸಿ. ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ ಕಾಯದೆ 108.

ಬಡಿತ ಓಡುತ್ತಲೇ ಇದ್ದರೆ ಆಸ್ಪತ್ರೆಯಲ್ಲಿ ಮೊದಲು ಒರಗಿ ಕೂರಿಸಿ, ಸಿರಿಂಜಿಗೆ 15 ಸೆಕೆಂಡ್ ಜೋರಾಗಿ ಊದಿಸಿ, ತಕ್ಷಣ ಮಲಗಿಸಿ ಕಾಲೆತ್ತುತ್ತಾರೆ. 2015ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ ಹೀಗೆ 43% ಮಂದಿಗೆ ಲಯ ಮರಳಿತು. ಕಾಲೆತ್ತದೆ ಬರೀ ಊದಿದವರಲ್ಲಿ 17%. ಬಗ್ಗದಿದ್ದರೆ ಲಯ ಮರಳಿಸಲು ಅಡೆನೊಸಿನ್ ಇಂಜೆಕ್ಷನ್. ಕೆಲವು ಸೆಕೆಂಡ್ ಜೀವವೇ ಹೋದಂತಾಗುತ್ತದೆ, ಹೆದರಬೇಡಿ. ಆಸ್ತಮಾ ಇದ್ದರೆ ಈ ಇಂಜೆಕ್ಷನ್‌ಗೆ ಮೊದಲೇ ತಿಳಿಸಿ. ಪದೇಪದೇ ಕಾಡಿದರೆ ಅಬ್ಲೇಶನ್: ತೊಡೆಯ ರಕ್ತನಾಳದಿಂದ ತಂತಿ ತೂರಿಸಿ, ತಪ್ಪು ವಿದ್ಯುತ್ ದಾರಿಯನ್ನೇ ಸುಡುತ್ತಾರೆ. ವರ್ಷಗಟ್ಟಲೆ ಮಾತ್ರೆ ನುಂಗುವುದಕ್ಕಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ.