ಹೊರಗಿನ ಸಾಲದಲ್ಲಿ ವಿದ್ಯುತ್ ಗ್ರಿಡ್ ಕಟ್ಟುವುದು ಸಾಲದ ಬಲೆಯೇ?

ನೀವು ಕೇಳಿದ್ದು ಇಷ್ಟು: ಬಡ ದೇಶಗಳು ಹೊರಗಿನಿಂದ ಸಾಲ ತಂದು ವಿದ್ಯುತ್ ಗ್ರಿಡ್ (ಕರೆಂಟ್ ಸಾಗಿಸುವ ಲೈನು, ಸ್ಟೇಷನ್‌ಗಳ ಜಾಲ) ಕಟ್ಟಿದರೆ ತಾವಾಗಿಯೇ ಬಲೆಗೆ ಬಿದ್ದ ಹಾಗೆ ಅಲ್ವಾ? ಅದರಲ್ಲೂ ಸಾಲ ಕೊಟ್ಟಿದ್ದು ಚೀನಾ ಆದರೆ?

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದೊಂದೇ ದೇಶದ ಕಥೆ ಬಿಡಿಸಿ ನೋಡಿದಾಗ ಬೇರೆ ಅನ್ನಿಸಿತು. ಸಾಲ ಕೊಟ್ಟವರು ಯಾರು ಎಂದು ಕೇಳುವ ಮೊದಲು ಕೇಳಬೇಕಾದ್ದು ಇದು: ಸಾಲ ಯಾವ ದೇಶದ ದುಡ್ಡಿನಲ್ಲಿದೆ, ಅದನ್ನು ತೀರಿಸಲು ಬೇಕಾದ ಕರೆಂಟ್ ಬಿಲ್ಲಿನ ಹಣ ಯಾವ ದುಡ್ಡಿನಲ್ಲಿ ಬರುತ್ತದೆ?

ಮೊದಲು ಸಾಲ ಯಾಕೆ ಬೇಕು ಎಂದು ನೋಡೋಣ. ದೊಡ್ಡ ಟ್ರಾನ್ಸ್‌ಫಾರ್ಮರ್, ಬ್ರೇಕರ್ (ತೊಂದರೆಯಾದಾಗ ಕರೆಂಟ್ ಕಡಿಯುವ ಸ್ವಿಚ್), ಕನ್ವರ್ಟರ್ ಸ್ಟೇಷನ್ (ಎಸಿ, ಡಿಸಿ ಕರೆಂಟನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಕೇಂದ್ರ) ಇವನ್ನೆಲ್ಲ ತಯಾರಿಸುವ ದೇಶಗಳು ಕೆಲವೇ. ಉಳಿದವರು ಡಾಲರ್, ಯೂರೋ ಕೊಟ್ಟು ತರಿಸಬೇಕು. ಒಂದು ಹೈ ವೋಲ್ಟೇಜ್ ಲೈನ್ ಹಾಕಿದರೆ ನಲವತ್ತು ವರ್ಷ ಬಾಳುತ್ತದೆ. ಅಷ್ಟು ದೀರ್ಘ ಅವಧಿಗೆ ಸಾಲ ಕೊಡುವ ಶಕ್ತಿ ಬಡ ದೇಶದ ಬ್ಯಾಂಕುಗಳಿಗೆ ಇರುವುದಿಲ್ಲ. ಹಾಗಾಗಿ ಹೊರಗೆ ಕೈ ಚಾಚುತ್ತಾರೆ. ಇದೇನೂ ಹೊಸದಲ್ಲ. ವಿಶ್ವ ಬ್ಯಾಂಕ್ 1948ರಲ್ಲಿ ಚಿಲಿಗೆ ಸಾಲ ಕೊಟ್ಟಿತು. ಅಭಿವೃದ್ಧಿ ಹೊಂದುತ್ತಿರುವ ದೇಶಕ್ಕೆ ಅದು ಕೊಟ್ಟ ಮೊದಲ ಸಾಲ ಅದು. ಅದರಲ್ಲಿ 1.35 ಕೋಟಿ ಡಾಲರ್ ಹೋಗಿದ್ದು ಜಲವಿದ್ಯುತ್ತಿಗೆ.

ಸಾಲಗಳೆಲ್ಲ ಒಂದೇ ಅಲ್ಲ. ಬಡ ದೇಶಗಳಿಗೆಂದೇ ಇರುವ ವಿಶ್ವ ಬ್ಯಾಂಕಿನ ಅಂಗ ಐಡಿಎ, ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಕೊಡುವ ರಿಯಾಯಿತಿ ಸಾಲಕ್ಕೆ ಬಡ್ಡಿ ತೀರಾ ಕಡಿಮೆ. ತೀರಿಸಲು 30-40 ವರ್ಷ ಸಮಯ, ಶುರುವಿನ ಹಲವು ವರ್ಷ ಅಸಲು ಕಟ್ಟಬೇಕಾಗಿಯೇ ಇಲ್ಲ. ಇದಕ್ಕೂ ಹದಿನೈದು ವರ್ಷದೊಳಗೆ ಮಾರುಕಟ್ಟೆ ಬಡ್ಡಿ ಸಮೇತ ತೀರಿಸಬೇಕಾದ ಸಾಲಕ್ಕೂ ಅಜಗಜಾಂತರ. ಪತ್ರಿಕೆಯಲ್ಲಿ ಮಾತ್ರ ಎರಡೂ "ವಿದೇಶಿ ಸಾಲ"ವೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸುಮ್ನೆ ಒಂದು ಲೆಕ್ಕ ಹಾಕಿ. ಒಂದು ದೇಶ 10 ಕೋಟಿ ಡಾಲರ್ ಸಾಲ ತಂದಿತು. ಆಗ ಒಂದು ಡಾಲರಿಗೆ ಅಲ್ಲಿಯ ದುಡ್ಡಿನಲ್ಲಿ 100 ಎಂದಿಟ್ಟುಕೊಳ್ಳಿ. ಅಲ್ಲಿಗೆ ಸಾಲ 1,000 ಕೋಟಿ. ಐದು ವರ್ಷದಲ್ಲಿ ಡಾಲರ್ 150ಕ್ಕೆ ಏರಿತು. ಒಂದೇ ಒಂದು ಟವರ್ ಜಾಸ್ತಿ ನಿಲ್ಲಿಸಿಲ್ಲ, ಸಾಲ 1,500 ಕೋಟಿ ಆಯಿತು. ಜನ ಕಟ್ಟುವ ಕರೆಂಟ್ ಬಿಲ್ ಮಾತ್ರ ಅಲ್ಲಿಯ ದುಡ್ಡಿನಲ್ಲೇ ಬರುತ್ತದೆ. ಡಾಲರ್ ಏರಿದಷ್ಟೂ ದರ ಏರಿಸೋಣ ಎಂದರೆ ಯಾವ ಸರ್ಕಾರ ಒಪ್ಪುತ್ತದೆ, ಹೇಳಿ. ವಿದ್ಯುತ್ ಕಂಪನಿ ನಷ್ಟದಲ್ಲಿ ಬೀಳುತ್ತದೆ. ಸಾಲಕ್ಕೆ ಗ್ಯಾರಂಟಿ ಕೊಟ್ಟ ಸರ್ಕಾರ ಖಜಾನೆಯಿಂದ ಕಂತು ಕಟ್ಟುತ್ತದೆ.

ಲಾವೋಸ್ ನೋಡಿ. ನದಿಗಳಿಗೆ ಡ್ಯಾಮ್ ಕಟ್ಟಿ ನೆರೆಯವರಿಗೆ ವಿದ್ಯುತ್ ಮಾರುತ್ತೇವೆ ಎಂದು ಹೊರಟ ದೇಶ. ಮಾರಿತು ಕೂಡ. ಆದರೆ ಅಲ್ಲಿಯ ಸರ್ಕಾರಿ ವಿದ್ಯುತ್ ಕಂಪನಿಯ ಮೇಲೆ ಸಾಲ ಬೆಟ್ಟದಷ್ಟು ಬೆಳೆಯಿತು. 2020ರಲ್ಲಿ ಹೈ ವೋಲ್ಟೇಜ್ ಗ್ರಿಡ್ ನೋಡಿಕೊಳ್ಳಲು ಹೊಸ ಕಂಪನಿ ಮಾಡಿದರು. ಅದರಲ್ಲಿ ಹೆಚ್ಚಿನ ಪಾಲು ಚೀನಾದ ಸರ್ಕಾರಿ ಕಂಪನಿ ಚೀನಾ ಸದರ್ನ್ ಪವರ್ ಗ್ರಿಡ್‌ಗೆ. ಮರುವರ್ಷ ಆ ಕಂಪನಿ ಗ್ರಿಡ್ ನಡೆಸುವ 25 ವರ್ಷಗಳ ಒಪ್ಪಂದಕ್ಕೆ ಸಹಿ ಬಿತ್ತು. ಕಷ್ಟ ಅಲ್ಲಿಗೂ ಮುಗಿಯಲಿಲ್ಲ. 2021ರ ಶುರುವಿನಲ್ಲಿ ಒಂದು ಡಾಲರಿಗೆ ಸುಮಾರು 9,300 ಕಿಪ್ (ಲಾವೋಸಿನ ದುಡ್ಡು) ಇತ್ತು, 2024ರ ಹೊತ್ತಿಗೆ 20,000 ದಾಟಿತು. ಉಳಿದ ಡಾಲರ್ ಸಾಲ ಕಿಪ್ ಲೆಕ್ಕದಲ್ಲಿ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗೆ. ಇಷ್ಟೆಲ್ಲ ನೋಡಿ "ಚೀನಾ ಬಲೆ" ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಅದೇ ಡಾಲರ್ ಸಾಲವನ್ನು ಬೇರೆ ಯಾರು ಕೊಟ್ಟಿದ್ದರೂ ಕಿಪ್ ಬಿದ್ದಾಗ ಅಷ್ಟೇ ಭಾರವಾಗುತ್ತಿತ್ತು.

ಇನ್ನೊಂದು ತೊಂದರೆ ಇದೆ, ಇದಕ್ಕೆ ದುಡ್ಡಿನ ಮೌಲ್ಯದ ಸಂಬಂಧವಿಲ್ಲ. ಸಾಲ ಕೊಡುವ ದೇಶ ಎಷ್ಟೋ ಸಲ "ಕೆಲಸ ನಮ್ಮ ಕಂಪನಿಗೇ ಕೊಡಿ" ಎನ್ನುತ್ತದೆ. ಕೆನ್ಯಾದ ತುರ್ಕಾನಾ ಸರೋವರದ ಹತ್ತಿರ 310 ಮೆಗಾವಾಟ್‌ನ ಗಾಳಿ ವಿದ್ಯುತ್ ಘಟಕ ಕಟ್ಟಿದರು. 365 ಗಾಳಿಯಂತ್ರ, 2017ರಲ್ಲಿ ಎಲ್ಲ ಸಿದ್ಧ. ಅಲ್ಲಿಂದ ವಿದ್ಯುತ್ ತರಲು ಲೊಯಂಗಲಾನಿಯಿಂದ ಸುಸ್ವಾವರೆಗೆ 400 ಕಿ.ಮೀ.ಗೂ ಹೆಚ್ಚು ಉದ್ದದ ಲೈನ್ ಬೇಕಿತ್ತು. ಅದಕ್ಕೆ ಸ್ಪೇನ್ ಸಾಲ ಕೊಟ್ಟಿತ್ತು, ಗುತ್ತಿಗೆಯೂ ಸ್ಪೇನಿನ ಐಸೋಲಕ್ಸ್ ಕೊರ್ಸಾನ್ ಕಂಪನಿಗೇ. ಜಮೀನಿನ ತಕರಾರಿನಿಂದ ಕೆಲಸ ಮೊದಲೇ ತಡವಾಗಿತ್ತು, ಅಷ್ಟರಲ್ಲಿ ಕಂಪನಿ ದಿವಾಳಿಯಾಯಿತು. ಗಾಳಿಯಂತ್ರಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಸುಮ್ನೆ ನಿಂತವು. ಒಪ್ಪಂದದ ಪ್ರಕಾರ ಕೆನ್ಯಾ ದಂಡ ಕಟ್ಟಬೇಕಾಯಿತು, ಬಾರದ ಕರೆಂಟಿಗೆ! ಕೊನೆಗೆ ಚೀನಾದ ಗುತ್ತಿಗೆದಾರರು ಬಂದು 2018ರಲ್ಲಿ ಲೈನ್ ಮುಗಿಸಿದರು.

ಸಾಲವೇ ಬೇಡ, ಖಾಸಗಿಯವರೇ ಲೈನ್ ಹಾಕಲಿ ಎನ್ನುವವರೂ ಇದ್ದಾರೆ. ಪಾಕಿಸ್ತಾನದಲ್ಲಿ ಮಟಿಯಾರಿಯಿಂದ ಲಾಹೋರಿನವರೆಗಿನ ಸುಮಾರು 880 ಕಿ.ಮೀ. ಲೈನ್ ಹೀಗೇ ಆದದ್ದು. 4,000 ಮೆಗಾವಾಟ್ ಸಾಮರ್ಥ್ಯ, 2021ರಲ್ಲಿ ಚಾಲೂ ಆಯಿತು. ಹಾಕಿದ್ದು ಚೀನಾದ ಸರ್ಕಾರಿ ಕಂಪನಿ ಸ್ಟೇಟ್ ಗ್ರಿಡ್, 25 ವರ್ಷ ನಡೆಸಿ ಆಮೇಲೆ ಬಿಟ್ಟುಕೊಡುವ ಒಪ್ಪಂದ. ಕೇಳಲು ಚೆನ್ನಾಗಿದೆ. ಆದರೆ ಲೈನಿಗೆ ಪಾಕಿಸ್ತಾನ ಕಟ್ಟುವ ಬಾಡಿಗೆಯ ಲೆಕ್ಕ ಲೈನಿನ ಸಾಮರ್ಥ್ಯದ ಮೇಲೆ, ಹರಿದ ವಿದ್ಯುತ್ತಿನ ಮೇಲೆ ಅಲ್ಲ. ಹರಿದದ್ದು ಅರ್ಧವೇ ಆದರೂ ಬಾಡಿಗೆ ಅರ್ಧವಾಗುವುದಿಲ್ಲ. ಪುಸ್ತಕದಲ್ಲಿ ಸಾಲ ಎಂದು ಬರೆದಿರುವುದಿಲ್ಲ ಅಷ್ಟೇ, ಕಂತಿನ ಹಾಗೆ ತಪ್ಪದೆ ಕಟ್ಟಲೇಬೇಕು. ನನಗಂತೂ ಇದಕ್ಕಿಂತ ಜೈಕಾ ಸಾಲವೇ ಮೇಲು ಅನ್ನಿಸುತ್ತದೆ.

ಹಾಗಾದರೆ ಹೀಗೆ ಸಾಲ ಮಾಡಿ ತೀರಿಸಿದವರು ಯಾರೂ ಇಲ್ಲವೇ? ಇದ್ದಾರೆ. ಬ್ರೆಜಿಲ್ ಮತ್ತು ಪರಾಗ್ವೆ ಗಡಿಯ ಇಟೈಪು ಡ್ಯಾಮ್ ಗ್ರಿಡ್ ಅಲ್ಲ, ಆದರೂ ಪಾಠ ಅದೇ. 1973ರಲ್ಲಿ ಒಪ್ಪಂದ, ಹೆಚ್ಚುಕಡಿಮೆ ಎಲ್ಲವೂ ಸಾಲದ ದುಡ್ಡು. ಅವರು ಮಾಡಿದ ಒಂದು ಕೆಲಸ ನೋಡಿ: ವಿದ್ಯುತ್ತಿನ ದರವನ್ನೇ ಡಾಲರಿನಲ್ಲಿ ಇಟ್ಟರು, ಆ ದರದಲ್ಲೇ ಸಾಲದ ಕಂತನ್ನೂ ಸೇರಿಸಿದರು. ಡಾಲರ್ ಏರಿದ ಬಿಸಿ ಕೊಳ್ಳುವವರಿಗೆ ತಟ್ಟಿತು, ನಿಜ. ಆದರೆ ಸಾಲ ಬೆಟ್ಟವಾಗಿ ಉಳಿಯಲಿಲ್ಲ, 2023ರ ಫೆಬ್ರವರಿಯಲ್ಲಿ ಕೊನೆಯ ಕಂತೂ ಕಟ್ಟಿದರು. ಮರುದಿನದಿಂದಲೇ ಹೊಸ ಜಗಳ: ಕಂತು ಮುಗಿಯಿತಲ್ಲ, ದರ ಇಳಿಸಿ ಎಂದು ಬ್ರೆಜಿಲ್, ಏರಿಸಿ ಎಂದು ಪರಾಗ್ವೆ.