ಬೇಸ್‌ಬಾಲ್ ಗೇಮ್‌ನಲ್ಲಿ ಪಿಚಿಂಗ್ ಮಾಡೋಕೆ ಹೋದ್ರೆ ಬರೀ ಏಟು. ಎಲ್ಲಿ ತಪ್ಪುತ್ತಿದ್ದೇನೆ?

ಎಂಎಲ್‌ಬಿ ದ ಶೋ ಅನ್ನೋ ಬೇಸ್‌ಬಾಲ್ ವಿಡಿಯೋ ಗೇಮ್ ಹೊಸದಾಗಿ ಶುರು ಮಾಡಿದ್ದೀರಿ. ಬ್ಯಾಟಿಂಗ್ ಹೇಗೋ ನಡೀತಿದೆ. ಪಿಚಿಂಗ್‌ಗೆ, ಅಂದ್ರೆ ಚೆಂಡು ಎಸೆಯೋಕೆ, ಬಂದರೆ ಮಾತ್ರ ಒಂದೊಂದು ಇನ್ನಿಂಗ್ಸ್‌ಗೂ ನಾಲ್ಕೈದು ರನ್ ಹೋಗ್ತಿದೆ, ಅಲ್ವಾ? ಸಮಾಧಾನ ಮಾಡಿಕೊಳ್ಳಿ. ನಾನು ಒಂದು ಸಲ ಮೂರನೇ ಇನ್ನಿಂಗ್ಸ್ ಮುಗಿಯೋ ಹೊತ್ತಿಗೆ 14 ರನ್ ಕೊಟ್ಟು, ಟಿವಿ ಆರಿಸಿ ಮಲಗಿದ್ದೆ.

ಬಟನ್ ಸರಿಯಾದ ಹೊತ್ತಿಗೆ ಒತ್ತುತ್ತಿಲ್ಲ ಅಂತಲೇ ಬಹಳ ದಿನ ಅಂದುಕೊಂಡಿದ್ದೆ. ನಮ್ಮ ಕೆಳಗಿನ ಮನೆಯ ಹುಡುಗ ಅಮೆರಿಕದಲ್ಲಿ ನಾಲ್ಕು ವರ್ಷ ಇದ್ದು ಬಂದವನು. ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ ಕೇಳಿದ: "ಅಂಕಲ್, ಯಾಕೆ ಎಲ್ಲಾನೂ ಮಧ್ಯಕ್ಕೇ ಹಾಕ್ತೀರಾ?"

ಹೌದಲ್ಲ! ಕ್ರಿಕೆಟ್ ನೋಡಿ ಬೆಳೆದ ಕೈ. ಪರದೆ ಮೇಲೆ ಸ್ಟ್ರೈಕ್ ಝೋನ್‌ನ ಚೌಕ ಕಂಡ ತಕ್ಷಣ ಅದು ಸ್ಟಂಪ್ ಅಂತ ತೀರ್ಮಾನ ಮಾಡಿಬಿಟ್ಟಿತ್ತು. ಇಲ್ಲಿ ಬೌಲ್ಡ್ ಅನ್ನೋದೇ ಇಲ್ಲ. ಚೌಕದ ನಟ್ಟನಡುವೆ ಹಾಕಿದ ಚೆಂಡು ಬ್ಯಾಟರ್‌ಗೆ ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ. ಬ್ಯಾಟರ್ ಪಕ್ಕದ ನೆಲದಲ್ಲಿರೋ ಬಿಳಿ ಹಲಗೆ, ಅಂದ್ರೆ ಹೋಮ್ ಪ್ಲೇಟ್, ಅದರ ಅಗಲ 17 ಇಂಚು; ಚೌಕ ಇರೋದು ಅದರ ಮೇಲೇ. ನಿಮ್ಮ ವ್ಯಾಪಾರವೆಲ್ಲ ಅದರ ಅಂಚಿನಲ್ಲಿ, ಅಂಚಿನಿಂದ ಸ್ವಲ್ಪ ಆಚೆ. ಹೊಡೆಯಬಾರದ ಚೆಂಡಿಗೆ ಅವನು ಬ್ಯಾಟ್ ಬೀಸಬೇಕು, ಅಷ್ಟೇ ಕೆಲಸ. ಆದರೆ ಬರೀ ಹೊರಗೇ ಹಾಕಿದರೆ, ಅವನು ಬೀಸದೆ ಬಿಟ್ಟವು ನಾಲ್ಕು 'ಬಾಲ್' ಆಗಿ ಅವನು ಆರಾಮಾಗಿ ಫಸ್ಟ್ ಬೇಸ್‌ಗೆ ನಡೆದು ಹೋಗ್ತಾನೆ. ಅದಕ್ಕೇ ಮೊದಲ ಚೆಂಡು ಆದಷ್ಟು ಸ್ಟ್ರೈಕ್ ಆಗಲಿ, ಅಂದ್ರೆ ಚೌಕದೊಳಗೆ ಬರಲಿ ಇಲ್ಲಾ ಅವನು ಬೀಸಿ ತಪ್ಪಲಿ; ಅಂಥವು ಮೂರು ಆದರೆ ಅವನು ಔಟ್.

ಬಟನ್ ವಿಷಯ ಬೇಗ ಹೇಳಿಬಿಡ್ತೀನಿ. ಪಿಚಿಂಗ್‌ಗೆ ಬೇರೆ ಬೇರೆ ಸೆಟ್ಟಿಂಗ್ ಇವೆ. 2021ರ ಆವೃತ್ತಿಯಿಂದ ಬಂದ ಪಿನ್‌ಪಾಯಿಂಟ್‌ನಲ್ಲಿ ಬಲಗಡೆಯ ಸ್ಟಿಕ್‌ನಿಂದ ಗೆರೆ ಎಳೀಬೇಕು. ಚೆನ್ನಾಗಿ ಕಲಿತವರಿಗೆ ಅದೇ ಸರಿ, ನಿಮಗೆ ಈಗಲೇ ಬೇಡ. ಮೀಟರ್ ಅನ್ನೋ ಸೆಟ್ಟಿಂಗ್ ಹಾಕಿಕೊಳ್ಳಿ, ಅದರಲ್ಲಿ ಒಂದು ಸೂಚಕ ಏರಿ ಇಳಿಯುತ್ತೆ. ಮೂರು ಸಲ ಒತ್ತಬೇಕು: ಶುರು ಮಾಡೋಕೆ, ವೇಗಕ್ಕೆ, ಇಳಿದು ಬರುವಾಗ ಗೆರೆಯ ಮೇಲೆ ಗುರಿಗೆ. ವೇಗದ ಆಸೆಗೆ ತುದಿ ದಾಟಿಸಿದರೆ ಗುರಿ ಕೆಡುತ್ತೆ. ಡಿಫಿಕಲ್ಟಿಯನ್ನು ಡೈನಾಮಿಕ್‌ಗೆ ಇಡಿ. ಬ್ಯಾಟಿಂಗ್‌ಗೂ ಪಿಚಿಂಗ್‌ಗೂ ಬೇರೆ ಬೇರೆಯಾಗಿ, ನಿಮ್ಮ ಆಟ ನೋಡಿ ಕಷ್ಟದ ಮಟ್ಟ ತಾನಾಗೇ ಏರಿಳಿಯುತ್ತೆ, ನಿಮ್ಮ ಥರದವರಿಗೆ ಹೇಳಿ ಮಾಡಿಸಿದ್ದು.

ಇನ್ನು ಮಜಾ ಇರೋ ಭಾಗ. ನಮ್ಮ ವೆಂಕಟೇಶ್ ಪ್ರಸಾದ್ ಸ್ಲೋ ಬಾಲ್ ನೆನಪಿದೆಯಾ? ಕೈ ಅದೇ, ಓಟ ಅದೇ, ಚೆಂಡು ಮಾತ್ರ ತಡವಾಗಿ ಬರೋದು. ಬೇಸ್‌ಬಾಲ್‌ನಲ್ಲಿ ಅದರ ಅಣ್ಣ ಚೇಂಜಪ್. ಫಾಸ್ಟ್‌ಬಾಲ್ ಗಂಟೆಗೆ 95 ಮೈಲಿ ಇದ್ದರೆ ಇದು 85ರ ಆಸುಪಾಸು. ಫಾಸ್ಟ್‌ಬಾಲ್ ಪ್ಲೇಟ್ ತಲುಪೋಕೆ ಅರ್ಧ ಸೆಕೆಂಡೂ ಬೇಡ. ಹಾಗಾಗಿ ಬ್ಯಾಟರ್ ಮೊದಲೇ ಊಹೆ ಮಾಡಿ ಬೀಸಬೇಕು. ಆ ಊಹೆಯನ್ನೇ ಕೆಡಿಸಬೇಕು ನೀವು.

ಮೊನ್ನೆ ನಾನು ಹಾಕಿದ್ದು ಹೇಳ್ತೀನಿ. ನನ್ನ ಪಿಚರ್ ಬಲಗೈ, ಬ್ಯಾಟರ್ ಎಡಗೈ. ಮೊದಲು ಫಾಸ್ಟ್‌ಬಾಲ್, ಅವನಿಂದ ದೂರದ ಕೆಳಮೂಲೆಗೆ. ನೋಡ್ತಾ ನಿಂತ, ಸ್ಟ್ರೈಕ್. ಮತ್ತೆ ಫಾಸ್ಟ್‌ಬಾಲ್, ಅಲ್ಲೇ, ಎರಡು ಇಂಚು ಆಚೆ. ಬೀಸಿದ, ಚೆಂಡು ಗೆರೆಯಾಚೆ ಹೋಗಿ ಫೌಲ್, ಅದೂ ಸ್ಟ್ರೈಕ್ ಲೆಕ್ಕ. ಈಗ ಎರಡು ಸ್ಟ್ರೈಕ್ ಆಯ್ತು, ಒಂದು ಚೆಂಡು ಹಾಳು ಮಾಡೋಕೆ ಧಾರಾಳ ಜಾಗ ಇದೆ. ಮೂರನೆಯದನ್ನು ಬೇಕಂತಲೇ ಎದೆಯ ಹತ್ತಿರ, ಒಳಗೆ, ಮೇಲೆ ಹಾಕಿದೆ. ಹಿಂದಕ್ಕೆ ಸರಿದ. ಅವನ ಕಣ್ಣು ಮೇಲಿದೆ, ಲೆಕ್ಕ 95ರಲ್ಲಿದೆ. ನಾಲ್ಕನೆಯದು ಚೇಂಜಪ್, ಮೊದಲಿನ ಮೂಲೆಗೇ, ಆದರೆ ಚೌಕಕ್ಕಿಂತ ಕೆಳಗೆ. ಚೆಂಡು ಬರೋ ಮುಂಚೆಯೇ ಬ್ಯಾಟ್ ಸುತ್ತಿ ಮುಗಿದಿತ್ತು. ಮನೇಲಿ ಯಾರೂ ಇರಲಿಲ್ಲ, ಆದ್ರೂ ಜೋರಾಗಿ ಕೂಗಿದೆ.

ಇದೇ ಕ್ರಮ ಎಲ್ಲರಿಗೂ ಹಾಕಬೇಡಿ. ಇನ್ನೊಬ್ಬ ಮನುಷ್ಯನ ಜೊತೆ ಆನ್‌ಲೈನ್ ಆಡುವಾಗಂತೂ ಎರಡನೇ ಇನ್ನಿಂಗ್ಸ್‌ಗೇ ಹಿಡಿದುಬಿಡ್ತಾರೆ. ಆ ಹುಡುಗ ನನ್ನ ಚೇಂಜಪ್‌ಗೆ ಈಗ ಕಾಯ್ತಾ ಕೂತಿರ್ತಾನೆ.

ಆಮೇಲೆ, ಪಿಚರ್‌ನ ಶಕ್ತಿಯ ಪಟ್ಟಿ ಮೇಲೆ ಒಂದು ಕಣ್ಣಿರಲಿ. ಅದು ಇಳಿದಂತೆ ಗುರಿ ತಪ್ಪುತ್ತೆ, ಅಂಚಿಗೆ ಬಿಟ್ಟ ಚೆಂಡು ಮಧ್ಯಕ್ಕೆ ಬಂದು ಬೀಳುತ್ತೆ. ಅಷ್ಟರೊಳಗೆ ಬುಲ್‌ಪೆನ್‌ನಲ್ಲಿ (ಬದಲಿ ಪಿಚರ್‌ಗಳು ಮೈ ಕಾಯಿಸೋ ಜಾಗ) ಇನ್ನೊಬ್ಬನನ್ನು ವಾರ್ಮಪ್‌ಗೆ ಎಬ್ಬಿಸಿಟ್ಟಿರಿ. ನಾನು ಅದು ಮರೆತು, ಬೇಸ್ ಮೂರೂ ತುಂಬಿದಾಗ ಮೈ ಕಾಯಿಸದವನನ್ನು ಇಳಿಸಿದೆ. ಅವನ ಮೊದಲ ಚೆಂಡೇ ಗ್ಯಾಲರಿಗೆ ಹೋಯ್ತು.